ಕಥನದಲ್ಲಿ ಉತ್ತಮ ಪುರುಷ

ವ್ಯಾಕರಣವನ್ನು ಕ್ರಮವಾಗಿ ಓದಿದವರಿಗೆ ಪುರುಷತ್ರಯದ ಪಾಠ ನೆನಪಿರುತ್ತದೆ. ‘ಅವನು’ ಎಂಬುದು ಪ್ರಥಮ ಪುರುಷ, ‘ನೀನು’ ಎಂಬುದು ಮಧ್ಯಮ ಪುರುಷ, ‘ನಾನು’ ಎಂಬುದು ಉತ್ತಮ ಪುರುಷ. ಇಂಗ್ಲಿಷ್ ವ್ಯಾಕರಣದ ಎಣಿಕೆ ಇದಕ್ಕೆ ತಿರುಗುಮುರುಗು. ಅಲ್ಲಿ ‘ನಾನು’ ಮೊದಲನೆಯವನು, ‘ಅವನು’ ಮೂರನೆಯವನು. ಈ ಕಾರಣದಿಂದ ಇಂದಿನ ವಿಮರ್ಶೆಯ ಬರಹಗಳಲ್ಲಿ ಒಂದು ಗೊಂದಲ ನುಸುಳಿದೆ. ಪಾತ್ರವೊಂದು ‘ನಾನು’ ಎಂದು ಹೇಳಿಕೊಳ್ಳುವ ಕಥೆಯನ್ನು ಕೆಲವರು ಪ್ರಥಮ ಪುರುಷ ನಿರೂಪಣೆಯೆಂದರೆ, ಕೆಲವರು ಉತ್ತಮ ಪುರುಷ ನಿರೂಪಣೆಯೆನ್ನುತ್ತಾರೆ. ಕನ್ನಡದ ವಿದ್ಯಾರ್ಥಿಗೆ ಎರಡನೆಯದೇ ಸರಿಯಾದ ಹೆಸರು. ಇಲ್ಲಿ ‘ಉತ್ತಮ’ ಎಂಬುದಕ್ಕೆ ಶ್ರೇಷ್ಠನೆಂಬ ಅರ್ಥವಿಲ್ಲ. ಎಣಿಕೆಯಲ್ಲಿ ಕಡೆಯವನು ಎಂದಷ್ಟೇ ಅರ್ಥ. ಮೊದಲು ಲೋಕದಲ್ಲಿರುವ ‘ಅವನು’, ಬಳಿಕ ಎದುರಿಗಿರುವ ‘ನೀನು’, ಎಲ್ಲರೂ ಆದ ಮೇಲೆ ‘ನಾನು’. ಈ ಕ್ರಮದಲ್ಲಿ ಒಂದು ವಿನಯವಿದೆ. ಕಥೆಯಲ್ಲಿ ‘ನಾನು’ ಎಂದು ಬಾಯಿ ತೆರೆಯುವವನಿಗೆ ಈ ವಿನಯವೇ ಮೊದಲ ಪಾಠ.

ತನ್ನ ವೃತ್ತಾಂತವನ್ನು ತಾನೇ ಹೇಳಿಕೊಳ್ಳುವುದು ಸಭ್ಯವೇ ಅಲ್ಲವೇ ಎಂಬ ಪ್ರಶ್ನೆ ಹೊಸದಲ್ಲ. ಸಂಸ್ಕೃತದ ಆಲಂಕಾರಿಕರು ಗದ್ಯಕಾವ್ಯವನ್ನು ಆಖ್ಯಾಯಿಕೆ, ಕಥೆ ಎಂದು ಇಬ್ಬಗೆಯಾಗಿ ವಿಂಗಡಿಸಿದ್ದರು. ಭಾಮಹನ ಮತದಲ್ಲಿ ಆಖ್ಯಾಯಿಕೆಯ ನಾಯಕನು ತನ್ನ ಚರಿತೆಯನ್ನು ತಾನೇ ಹೇಳುತ್ತಾನೆ. ಕಥೆಯಲ್ಲಾದರೋ ಅನ್ಯರು ಹೇಳಬೇಕು. ಕುಲೀನನಾದವನು ತನ್ನ ಗುಣಗಳನ್ನು ತಾನೇ ಸಾರಿಕೊಳ್ಳುವುದು ಹೇಗೆ ಎಂಬುದು ಅವನ ಆಕ್ಷೇಪ. ‘ಕಾವ್ಯಾದರ್ಶ’ವನ್ನು ರಚಿಸಿದ ದಂಡಿಯು ಈ ಭೇದವನ್ನು ಮನ್ನಿಸಲಿಲ್ಲ. ನಡೆದುದನ್ನು ನಡೆದಂತೆ ನುಡಿಯುವವನಿಗೆ ಆತ್ಮಪ್ರಶಂಸೆಯ ದೋಷ ತಟ್ಟದು. ಹೇಳುವವನು ತಾನೇ ಆಗಲಿ ಪರನೇ ಆಗಲಿ, ಅದರಿಂದ ಜಾತಿ ಬೇರೆಯಾಗದು. ಇವು ಎರಡು ಹೆಸರು ಹೊತ್ತ ಒಂದೇ ಜಾತಿ ಎಂದು ಅವನು ತೀರ್ಮಾನಿಸಿದನು. ಅವನದೆಂದು ಪ್ರಸಿದ್ಧವಾದ ‘ದಶಕುಮಾರಚರಿತ’ದಲ್ಲಿ ಕುಮಾರರು ತಮ್ಮ ಸಾಹಸಗಳನ್ನು ತಾವೇ ಹೇಳುತ್ತಾರೆ. ಶೌರ್ಯವನ್ನಷ್ಟೇ ಅಲ್ಲ, ತಾವು ಮಾಡಿದ ಕಳ್ಳತನ ಕಪಟಗಳನ್ನೂ ಮುಚ್ಚಿಡದೆ ಹೇಳುತ್ತಾರೆ. ಕನ್ನಡದ ‘ಕವಿರಾಜಮಾರ್ಗ’ವು ಬಹುಮಟ್ಟಿಗೆ ಅನುಸರಿಸಿದ್ದು ಈ ದಂಡಿಯನ್ನೇ.

ಬಾಣಕವಿಯ ವಿಚಿತ್ರವನ್ನು ಗಮನಿಸಬೇಕು. ‘ಹರ್ಷಚರಿತ’ದ ಮೊದಲ ಭಾಗದಲ್ಲಿ ಅವನು ತನ್ನ ಕುಲ, ಬಾಲ್ಯ, ಅಲೆದಾಟಗಳನ್ನು ವರ್ಣಿಸುತ್ತಾನೆ, ಆದರೆ ‘ನಾನು’ ಎನ್ನುವುದಿಲ್ಲ, ‘ಬಾಣ’ನೆಂದು ಬೇರೊಬ್ಬನ ವಿಷಯ ಹೇಳುವಂತೆ ಹೇಳುತ್ತಾನೆ. ‘ಕಾದಂಬರಿ’ಯಲ್ಲಾದರೋ ‘ನಾನು’ ಎಂಬ ಪದವನ್ನು ಒಂದು ಗಿಳಿಯ ಬಾಯಿಗೆ ಕೊಡುತ್ತಾನೆ. ವಿಂಧ್ಯಾಟವಿಯ ಬೂರುಗದ ಮರದಲ್ಲಿ ಹುಟ್ಟಿ, ಬೇಡನ ಕೈಯಲ್ಲಿ ತಂದೆಯನ್ನು ಕಳೆದುಕೊಂಡು, ಗೂಡಿನಿಂದ ನೆಲಕ್ಕೆ ಬಿದ್ದ ಮರಿ ವೈಶಂಪಾಯನವು ಶೂದ್ರಕ ರಾಜನ ಆಸ್ಥಾನದಲ್ಲಿ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಆ ಕಥೆಯೊಳಗೆ ಜಾಬಾಲಿ ಮುನಿಯ ಕಥನ. ಅದರೊಳಗೆ ಅಚ್ಛೋದ ಸರೋವರದ ತೀರದಲ್ಲಿ ಮಹಾಶ್ವೇತೆಯು ಚಂದ್ರಾಪೀಡನಿಗೆ ತೋಡಿಕೊಳ್ಳುವ ಸ್ವಂತ ದುಃಖ. ನಾಗವರ್ಮನು ಇದನ್ನು ‘ಕರ್ಣಾಟಕ ಕಾದಂಬರಿ’ಯಾಗಿ ಚಂಪೂರೂಪದಲ್ಲಿ ಕನ್ನಡಕ್ಕೆ ತಂದನು. ಮುಂದೆ ಈ ಗ್ರಂಥದ ಹೆಸರೇ ಕನ್ನಡದಲ್ಲಿ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. ಕಾದಂಬರಿಯೆಂಬ ಮಾತಿನ ಮೂಲದಲ್ಲಿಯೇ ನೆಲೆ ತಪ್ಪಿದ ಒಂದು ಜೀವದ ‘ನಾನು’ ಕುಳಿತಿದೆಯೆಂಬುದನ್ನು ಮರೆಯಲಾಗದು.

ರಾಯಚೂರು ಜಿಲ್ಲೆಯ ನೆಲಕ್ಕೂ ಈ ಪದದ ಹಳೆಯ ಪರಿಚಯವಿದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವು ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರನ್ನೂ ಹೇಳಿದ್ದರಿಂದ ಜಗತ್ಪ್ರಸಿದ್ಧವಾಯಿತು. ಆ ಪ್ರಾಕೃತ ಲೇಖ ಮೊದಲು ದೊರೆಯನ್ನು ಹೆಸರಿಸಿ, ಕೂಡಲೇ ದೊರೆಯ ಬಾಯಿಂದಲೇ ಮಾತನಾಡಿಸುತ್ತದೆ. ತಾನು ಬೌದ್ಧೋಪಾಸಕನಾಗಿ ಇಷ್ಟು ವರ್ಷಗಳಾದವು, ಸಂಘವನ್ನು ಸೇರಿ ಇಷ್ಟು ಕಾಲವಾಯಿತು ಎಂದು ಚಕ್ರವರ್ತಿಯು ಉತ್ತಮ ಪುರುಷದಲ್ಲಿ ನಿವೇದಿಸುತ್ತಾನೆ. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋಗಿ ಅಕ್ಕಿಯನ್ನಾಯುವ ಕಾಯಕದಲ್ಲಿ ಬಾಳಿದ ಮಾರಯ್ಯ ಲಕ್ಕಮ್ಮ ದಂಪತಿಗಳನ್ನು ಶರಣಸಂಕುಲ ನಿತ್ಯ ನೆನೆಯುತ್ತದೆ. ಅಗತ್ಯಕ್ಕೆ ಮೀರಿ ಅಕ್ಕಿ ತಂದ ಗಂಡನನ್ನು ಲಕ್ಕಮ್ಮ ಎಚ್ಚರಿಸಿದಳು. ತನ್ನ ವಚನಗಳಲ್ಲಿ ತನ್ನ ಮಾತನ್ನೇ ಆಡಿದಳು. ಒಬ್ಬನು ಸಾಮ್ರಾಟ, ಒಬ್ಬಳು ಅಕ್ಕಿಯಾಯ್ದು ಬದುಕಿದವಳು. ಇಬ್ಬರ ‘ನಾನು’ವಿಗೂ ಈ ಸೀಮೆಯ ನಂಟಿದೆ.

ಆದರೆ ವಚನದ ‘ನಾನು’ ಬೇರೆ, ಕಾದಂಬರಿಯ ‘ನಾನು’ ಬೇರೆ. ವಚನಕಾರರು ಅಂಕಿತವಿಟ್ಟು ನುಡಿದವರು. ಕೂಡಲಸಂಗಮದೇವನೆಂಬ ಅಂಕಿತ ಕಂಡರೆ ಬಸವಣ್ಣನವರ ಮಾತೆಂದೂ, ಗುಹೇಶ್ವರನೆಂದಿದ್ದರೆ ಪ್ರಭುದೇವರ ಮಾತೆಂದೂ, ಮಾರಯ್ಯಪ್ರಿಯ ಅಮರೇಶ್ವರಲಿಂಗವೆಂದಿದ್ದರೆ ಲಕ್ಕಮ್ಮನ ಮಾತೆಂದೂ ತಿಳಿಯುತ್ತದೆ. ಅಲ್ಲಿ ನುಡಿದವರೇ ನುಡಿಗೆ ಹೊಣೆ. ನಡೆಯಲ್ಲಿ ಅದನ್ನು ತೋರಿಸಿಕೊಡುವ ಭಾರವೂ ಅವರದೇ. ಕಥೆಗಾರನ ‘ನಾನು’ ಅಂಥದಲ್ಲ. ಅದು ಅವನು ಮತ್ತೊಬ್ಬರಿಗೆ ಹಾಸಿಕೊಟ್ಟ ಗದ್ದುಗೆ. ಅದರ ಮೇಲೆ ಕುಳಿತವರು ಅವನಲ್ಲ. ಅವನು ಬಾಗಿಲ ಹೊರಗೆ ನಿಂತಿರುತ್ತಾನೆ. ಈ ಭೇದ ತಿಳಿಯದೆ, ‘ನಾನು’ ಎಂದು ಬರೆದದ್ದೆಲ್ಲ ಬರೆದವನ ಜೀವನಚರಿತ್ರೆಯೆಂದು ನಂಬುವ ಓದುಗರು ಇದ್ದಾರೆ. ಹಾಗಲ್ಲವೆಂದು ಗೊತ್ತಾದಾಗ ಮೋಸಹೋದೆವೆಂದು ಮುನಿಯುವವರೂ ಇದ್ದಾರೆ.

ಹೊಸಗನ್ನಡದ ಕಥೆಗಾರರು ಈ ಗದ್ದುಗೆಯನ್ನು ಹೇಗೆ ಬಳಸಿದರೆಂಬುದನ್ನು ನೋಡಬಹುದು. ‘ಶ್ರೀನಿವಾಸ’ ಎಂಬ ಕಾವ್ಯನಾಮದಿಂದ ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮೊಸರಿನ ಮಂಗಮ್ಮ’ ಕಥೆಯನ್ನು ಹೇಳುವವಳು ಒಬ್ಬ ಗೃಹಿಣಿ. ಮನೆಗೆ ಮೊಸರು ತರುವ ಮಂಗಮ್ಮ ಆ ಗೃಹಿಣಿಯ ಬಳಿ ಕುಳಿತು ಮಗ ಸೊಸೆಯರ ಮೇಲಿನ ಸಂಕಟವನ್ನು ಹೇಳಿಕೊಳ್ಳುತ್ತಾಳೆ. ಮುಂದೆ ಸೊಸೆಯ ಮಾತೂ ಅದೇ ಕಿವಿಗೆ ಬೀಳುತ್ತದೆ. ಬರೆದವರು ಸರಕಾರದ ದೊಡ್ಡ ಹುದ್ದೆಯಲ್ಲಿದ್ದ ಪುರುಷರು. ‘ನಾನು’ ಎನ್ನುವವಳು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತ ಹೆಂಗಸು. ಈ ವೇಷವಿಲ್ಲದಿದ್ದರೆ ಅತ್ತೆ ಸೊಸೆಯರ ಆ ಮಾತುಗಳು ಅಷ್ಟು ಸಹಜವಾಗಿ ಕಥೆಯೊಳಗೆ ಬರುತ್ತಿರಲಿಲ್ಲ.

ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ದಾರಿತಪ್ಪಿದ ಒಬ್ಬ ಪಯಣಿಗನ ಕಥನ. ಕಾಡಿನ ನಡುವೆ ಗೋಪಾಲಯ್ಯನ ಮನೆಯಲ್ಲಿ ಅತಿಥಿಯಾದ ಅವನಿಗೆ ಆ ವೃದ್ಧ ದಂಪತಿಗಳ ಉತ್ಸಾಹ ಮೊದಲು ಕಾಣುತ್ತದೆ, ಮನೆ ಬಿಟ್ಟುಹೋದ ಮಗನ ಕೊರಗು ಆಮೇಲೆ ಕಾಣುತ್ತದೆ. ಅವನಿಗೆ ತಿಳಿದ ಕ್ರಮದಲ್ಲಿಯೇ ಓದುಗನಿಗೂ ತಿಳಿಯುತ್ತದೆ. ‘ಅಳಿದ ಮೇಲೆ’ (1960) ಕಾದಂಬರಿಯಲ್ಲಿ ನಿರೂಪಕನು ರೈಲಿನಲ್ಲಿ ಪರಿಚಿತನಾಗಿದ್ದ ಯಶವಂತರಾಯನ ಬದುಕನ್ನು ಅವನ ಮರಣಾನಂತರ ಹುಡುಕುತ್ತ ಹೋಗುತ್ತಾನೆ. 1968ರ ‘ಮೂಕಜ್ಜಿಯ ಕನಸುಗಳು’ ಕೃತಿಯಲ್ಲಿ ಮೊಮ್ಮಗ ಸುಬ್ಬರಾಯನು ‘ನಾನು’ ಎನ್ನುತ್ತಾನೆ. ಆದರೆ ಗ್ರಂಥವನ್ನು ತುಂಬಿರುವವಳು ಅಜ್ಜಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೃತಿಯಲ್ಲಿಯೂ ‘ನಾನು’ ಎನ್ನುವ ಮಲೆನಾಡಿನ ಕೃಷಿಕನು ಮಂದಣ್ಣನನ್ನೂ ವಿಜ್ಞಾನಿ ಕರ್ವಾಲೊ ಅವರನ್ನೂ ಮುಂದೆ ಬಿಟ್ಟು ತಾನು ಬೆನ್ನ ಹಿಂದೆ ನಡೆಯುತ್ತಾನೆ. ಇವರೆಲ್ಲ ಸಾಕ್ಷಿಗಳು. ಭಾಮಹನು ಶಂಕಿಸಿದ ಆತ್ಮಸ್ತುತಿಗೆ ಇವರಲ್ಲಿ ಎಡೆಯೇ ಇಲ್ಲ. ‘ನಾನು’ ಎಂಬ ಪದ ಇವರಿಗೆ ಪರರನ್ನು ನೋಡುವ ಕಿಟಕಿಯಾಗಿದೆ.

ಸಾಕ್ಷಿಯು ಯಾವಾಗಲೂ ಸತ್ಯವಂತನೇ ಆಗಿರಬೇಕೆಂಬ ನಿಯಮವೂ ಇಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಎಂಬ ನೀಳ್ಗತೆಯ ಹೆಸರಿಲ್ಲದ ನಿರೂಪಕನು ಕಾಫಿಹೌಸಿನಲ್ಲಿ ಕುಳಿತು, ಹಠಾತ್ತಾಗಿ ಸಿರಿ ಬಂದ ತನ್ನ ಮನೆಯ ಕಥೆಯನ್ನು ನಯವಾಗಿ ಹೇಳುತ್ತಾನೆ. ಅವನು ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಓದುಗನ ಎದೆಯನ್ನು ನಡುಗಿಸುತ್ತದೆ. ‘ಅವನು’ ಎಂದು ಬರೆದ ಕಥೆಯಲ್ಲಿ ಮರೆಮಾಚಿದವನು ಲೇಖಕನೆಂದಾಗುತ್ತಿತ್ತು. ‘ನಾನು’ ಎಂದಾಗ ಮರೆಮಾಚುವುದೂ ಪಾತ್ರದ ಶೀಲವೇ ಆಗುತ್ತದೆ.

ಈ ವಿಧಾನಕ್ಕೆ ಕನ್ನಡ ನುಡಿಯು ಒದಗಿಸುವ ಸೌಕರ್ಯವೊಂದುಂಟು. ‘ಬಂದೆನು’, ‘ಕಂಡೆನು’ ಎಂಬ ಕ್ರಿಯಾಪದಗಳ ತುದಿಯಲ್ಲಿಯೇ ಕರ್ತೃ ಅಡಗಿರುವುದರಿಂದ ಪುಟವೊಂದು ತುಂಬುವವರೆಗೂ ‘ನಾನು’ ಎಂದು ಬರೆಯದೆಯೇ ಉತ್ತಮ ಪುರುಷದಲ್ಲಿ ಕಥೆ ಹೇಳಬಹುದು. ಮತ್ತೂ ಒಂದು ವಿಶೇಷ: ‘ಬಂದನು’, ‘ಬಂದಳು’ ಎಂಬಲ್ಲಿ ಗಂಡು ಹೆಣ್ಣೆಂಬ ಭೇದವಿದೆ, ‘ಬಂದೆನು’ ಎಂಬಲ್ಲಿ ಇಲ್ಲ. ಹಿಂದಿಯಲ್ಲಿ ‘ನಾನು ಬಂದೆ’ ಎನ್ನುವಾಗಲೂ ಆಡುವವರು ಗಂಡೋ ಹೆಣ್ಣೋ ಕ್ರಿಯಾಪದವೇ ಹೇಳಿಬಿಡುತ್ತದೆ. ಬಂಗಾಳಿಯಲ್ಲಿ ಉತ್ತಮ ಪುರುಷಕ್ಕಷ್ಟೇ ಅಲ್ಲ, ಪ್ರಥಮ ಪುರುಷಕ್ಕೂ ಲಿಂಗಭೇದವಿಲ್ಲ. ಅವನೂ ‘ಶೆ’, ಅವಳೂ ‘ಶೆ’. ಆದ್ದರಿಂದ ಬಂಗಾಳಿಯ ಮಗು ಕನ್ನಡ ಕಲಿಯುವಾಗ ‘ಅವನು’, ‘ಅವಳು’ಗಳಲ್ಲಿ ಎಡವುತ್ತದೆ; ‘ಆಮಿ’ ಎನ್ನುವ ಕಡೆ ‘ನಾನು’ ಎನ್ನುವಾಗ ಎಡವುವುದಿಲ್ಲ. ಎರಡು ನುಡಿಗಳೂ ಅಲ್ಲಿ ಸಮನೆಲದಲ್ಲಿ ಕೂಡುತ್ತವೆ.

ಇಲ್ಲಿ ಬಂಗಾಳಿಯ ಮಾತು ಅಪ್ರಸ್ತುತವಲ್ಲ. ಸಿಂಧನೂರಿನ ಸುತ್ತ ಅದು ಮನೆಮಾತಾಗಿರುವ ಊರುಗಳಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಎರೆಭೂಮಿಗೆ ಹರಿದ ಮೇಲೆ ಈ ಸೀಮೆಗೆ ಹಲವು ದಿಕ್ಕಿನ ಜನ ಬಂದರು. ಆಂಧ್ರದಿಂದ ಬಂದ ರೈತರು ನೆಲ ಕೊಂಡು ಭತ್ತ ಬೆಳೆದು ತಮ್ಮ ಕ್ಯಾಂಪುಗಳನ್ನು ಕಟ್ಟಿಕೊಂಡರು. ಅದೇ ನೆಲದಲ್ಲಿ, ಪೂರ್ವ ಪಾಕಿಸ್ತಾನದಿಂದ ಎಲ್ಲವನ್ನೂ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರ ನೆಲೆ ಕಲ್ಪಿಸಿತು. ಆರ್.ಎಚ್. ಕ್ಯಾಂಪ್ ಎಂಬ ಹೆಸರಿನ ಮೊದಲೆರಡು ಅಕ್ಷರಗಳಲ್ಲಿರುವುದು ಪುನರ್ವಸತಿಯನ್ನು ಹೇಳುವ ‘ರಿಹ್ಯಾಬಿಲಿಟೇಷನ್’ ಎಂಬ ಇಂಗ್ಲಿಷ್ ಪದ. ಊರಿಗೆ ಹೆಸರಿಲ್ಲ, ನಂಬರು ಉಂಟು. ಒಂದನೆಯ ಕ್ಯಾಂಪ್, ಎರಡನೆಯ ಕ್ಯಾಂಪ್ ಎಂದು ಎಣಿಸುತ್ತಲೇ ಎರಡು ತಲೆಮಾರುಗಳು ಕಳೆದವು. ಅಲ್ಲಿಯ ಹೆಂಗಸರು ಬಟ್ಟೆಯ ಪದರಗಳನ್ನು ಸೇರಿಸಿ ಹಾಕುವ ಕಾಂತಾ ಕಸೂತಿ ಈಗ ಈ ಸೀಮೆಯ ಹೊಲಿಗೆಯೂ ಆಗಿದೆ. ಆದರೂ ಬಹುಕಾಲ ಅವರು ಬರಹದಲ್ಲಿ ಕಾಣಿಸಿಕೊಂಡದ್ದು ಪ್ರಥಮ ಪುರುಷದಲ್ಲಿ, ಅದರಲ್ಲಿಯೂ ಬಹುವಚನದಲ್ಲಿ: ನಿರಾಶ್ರಿತರು, ವಲಸಿಗರು, ಫಲಾನುಭವಿಗಳು. ಕಡತಕ್ಕೆ ಬೇಕಾದದ್ದು ‘ಅವರು’. ಅವರಲ್ಲಿ ಒಬ್ಬೊಬ್ಬರ ‘ನಾನು’ ಮನೆಯೊಳಗೆ, ಬಂಗಾಳಿಯಲ್ಲಿ, ಮೊಮ್ಮಕ್ಕಳ ಕಿವಿಯಲ್ಲಿ ಉಳಿಯಿತು.

ಈ ಸೀಮೆಯ ಶಾಲೆಯೊಂದರಲ್ಲಿ ನಡೆದ ಸಂಗತಿಯಿದು. ಒಂಬತ್ತನೆಯ ತರಗತಿಗೆ ‘ನಾನು ಮರೆಯಲಾರದ ಪ್ರಯಾಣ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಕೊಡಲಾಗಿತ್ತು. ಹೆಚ್ಚಿನ ಮಕ್ಕಳು ಹಂಪೆಗೋ ಬಾದಾಮಿಗೋ ಹೋಗಿ ಬಂದುದನ್ನು ಬರೆದರು. ಕ್ಯಾಂಪಿನಿಂದ ಬರುವ ಹುಡುಗಿಯೊಬ್ಬಳ ಪ್ರಬಂಧ ಮಾತ್ರ ಬೇರೆಯಾಗಿತ್ತು. 1964ರಲ್ಲಿ ತನಗೆ ಹತ್ತೊಂಬತ್ತು ವರ್ಷ, ತಾಯಿಯನ್ನು ಬೆನ್ನ ಮೇಲೆ ಹೊತ್ತು ಕೆಸರಿನಲ್ಲಿ ನಡೆದೆನು, ದೋಣಿಯವನು ಕೇಳಿದ ಹಣ ಕೈಯಲ್ಲಿಲ್ಲದೆ ಕಂಚಿನ ತಟ್ಟೆಯನ್ನು ಕೊಟ್ಟೆನು ಎಂದು ಅದು ಮೊದಲಾಗಿತ್ತು. ಅಧ್ಯಾಪಕರು ಕೆಂಪು ಶಾಯಿಯಲ್ಲಿ ‘ಇದು ನಿಜವಲ್ಲ, ಸ್ವಂತ ಅನುಭವ ಬರೆ’ ಎಂದು ಗುರುತು ಹಾಕಿ ಅಂಕ ಕೊಡದೆ ಬಿಟ್ಟರು.

ಹುಡುಗಿ ಪುಸ್ತಕವನ್ನು ಹಿಡಿದು ಮೇಜಿನ ಬಳಿ ನಿಂತಳು. “ಇದು ಯಾರ ಪ್ರಯಾಣವಮ್ಮ?” ಎಂದು ಅಧ್ಯಾಪಕರು ಕೇಳಿದರು.

“ನಮ್ಮ ಅಜ್ಜಂದು, ಸರ್.”

“ಹಾಗಾದರೆ ‘ನನ್ನ ಅಜ್ಜನು ನಡೆದನು’ ಎಂದು ಬರೆಯಬೇಕಲ್ಲವೆ?”

“ಹಾಗೂ ಬರೆದು ನೋಡಿದೆ, ಸರ್. ಅರ್ಜಿ ಬರೆದ ಹಾಗೆ ಕಾಣಿಸಿತು. ಅಜ್ಜನಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಅವರು ಹೇಳುವಾಗ ‘ನಾನು’ ಅಂತಲೇ ಹೇಳುತ್ತಾರೆ.”

ಅಧ್ಯಾಪಕರು ಪುಸ್ತಕವನ್ನು ತಿರುಗಿ ತೆಗೆದುಕೊಂಡು ಮೊದಲಿನಿಂದ ಓದಿದರು. ಆ ಪುಟಗಳಲ್ಲಿ ಹದಿನಾಲ್ಕು ವರ್ಷದ ಹುಡುಗಿ ಎಲ್ಲಿಯೂ ಕಾಣಲಿಲ್ಲ. ‘ನಡೆದೆನು’, ‘ಕೊಟ್ಟೆನು’ ಎಂಬ ಕ್ರಿಯಾಪದಗಳ ಆಶ್ರಯದಲ್ಲಿ ಮೊಮ್ಮಗಳೂ ಮುದುಕನೂ ಒಂದಾಗಿದ್ದರು. ಓದಿ ಮುಗಿಸಿದ ಅಧ್ಯಾಪಕರು ಒಂದು ಪದದ ಮೇಲೆ ಬೆರಳಿಟ್ಟರು. ಹುಡುಗಿ ‘ಬಾಂಗ್ಲಾದೇಶವನ್ನು ಬಿಟ್ಟು ಬಂದೆನು’ ಎಂದು ಬರೆದಿದ್ದಳು. “ಆ ಹೆಸರಿನ ದೇಶ ಉದಯಿಸಿದ್ದು 1971ರಲ್ಲಿ. 1964ರಲ್ಲಿ ದೋಣಿ ಹತ್ತಿದವನ ಬಾಯಲ್ಲಿ ಅದು ಹೇಗೆ ಬರುತ್ತದೆ? ಅಜ್ಜ ಏನೆನ್ನುತ್ತಾರೆ, ಕೇಳಿಕೊಂಡು ಬಾ.”

ಮರುದಿನ ಹುಡುಗಿ ಉತ್ತರ ತಂದಳು. ಅಜ್ಜ ಬಾಂಗ್ಲಾದೇಶವೆನ್ನುವುದಿಲ್ಲ, ಪಾಕಿಸ್ತಾನವೆಂದೂ ಅನ್ನುವುದಿಲ್ಲ, ‘ದೇಶ್’ ಎನ್ನುತ್ತಾರೆ. ಹಾಗೆಂದರೆ ರಾಜ್ಯವಲ್ಲ, ರಾಷ್ಟ್ರವೂ ಅಲ್ಲ. ಕೊಳ, ಅಡಕೆಮರ, ಮನೆಯ ಅಂಗಳ ಇರುವ ಹುಟ್ಟೂರು. ಅವಳು ಆ ಪದವನ್ನೇ ಇಟ್ಟು ವಾಕ್ಯವನ್ನು ತಿದ್ದಿದಳು. ಅಧ್ಯಾಪಕರು ತಮ್ಮ ಕೆಂಪು ಬರಹದ ಮೇಲೆ ಗೆರೆ ಎಳೆದು ಅಂಕ ಕೊಟ್ಟರು. ಪ್ರಬಂಧವನ್ನು ತರಗತಿಯಲ್ಲಿ ಓದಿಸಿದಾಗ, ದೋಣಿಯ ಭಾಗ ಬಂದ ಕೂಡಲೆ ಹಿಂದಿನ ಬೆಂಚಿನ ಮಕ್ಕಳೂ ಸುಮ್ಮನಾದರು. ತಂದೆತಾಯಿ ದುಡಿಯಲು ಬೆಂಗಳೂರಿಗೆ ಹೋಗಿದ್ದರಿಂದ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗನೊಬ್ಬ, ತಾನೂ ತನ್ನ ಅಪ್ಪನ ಮಾತಿನಲ್ಲಿ ಹಾಗೆ ಬರೆಯಬಹುದೇ ಎಂದು ಕೇಳಿದನು.

ಆ ಪ್ರಬಂಧ ಸುಳ್ಳೆ? ಪರೀಕ್ಷೆಯ ಪ್ರಶ್ನೆ ಸ್ವಂತ ಅನುಭವವನ್ನು ಕೇಳಿದ್ದರೆ ಅಧ್ಯಾಪಕರ ಮೊದಲ ಆಕ್ಷೇಪಕ್ಕೆ ಆಧಾರವಿತ್ತು. ತನ್ನದಲ್ಲದ್ದನ್ನು ತನ್ನದೆಂದು ನಂಬಿಸಿ ಲಾಭ ಪಡೆಯುವವನು ಸುಳ್ಳುಗಾರನೇ ಸರಿ. ದಾಖಲೆಯಲ್ಲಿ, ಸಾಕ್ಷ್ಯದಲ್ಲಿ, ಆತ್ಮಕಥೆಯಲ್ಲಿ ‘ನಾನು’ ಎಂಬುದು ಅಂಕಿತವಿದ್ದಂತೆ. ಕಥೆಯಲ್ಲಿ ಹಾಗಲ್ಲ. ಅಲ್ಲಿ ಬರೆದವರು ಬೇರೆ, ಹೇಳುವವರು ಬೇರೆ ಎಂಬ ಒಪ್ಪಂದ ಓದುಗನಿಗೂ ಕಥೆಗಾರನಿಗೂ ನಡುವೆ ಮೊದಲೇ ಆಗಿರುತ್ತದೆ. ಹುಡುಗಿಗೆ ಈ ಶಾಸ್ತ್ರ ತಿಳಿದಿರಲಿಲ್ಲ. ಆದರೂ ಶಾಸ್ತ್ರ ಹೇಳುವ ಕೆಲಸವನ್ನೇ ಮಾಡಿದಳು. ದಂಡಿ ಹೇಳಿದ ನಡೆದುದನ್ನು ನಡೆದಂತೆ ನುಡಿಯುವ ಮಾತು ಅವಳಿಗೆ ಅನ್ವಯಿಸಿದ್ದು ‘ದೇಶ್’ ಎಂಬ ಒಂದು ಪದವನ್ನು ಸರಿಪಡಿಸಿದಾಗ.

ಉತ್ತಮ ಪುರುಷದಲ್ಲಿ ಬರೆಯಬಯಸುವ ವಿದ್ಯಾರ್ಥಿಗಳಿಗೆ ಇದರಿಂದ ತಿಳಿಯಬೇಕಾದ ಕಟ್ಟಳೆಗಳು ಕೆಲವು. ಮೊದಲನೆಯದು, ಹೇಳುವವನು ಆ ಹೊತ್ತಿನಲ್ಲಿ ಅರಿಯದೆ ಇದ್ದುದನ್ನು ಕಥೆಗಾರನು ಅವನ ಬಾಯಿಗೆ ತುರುಕಬಾರದು. ಮುಂದೆ ತಿಳಿದುದಾದರೆ ಮುಂದೆ ತಿಳಿಯಿತೆಂದು ಹೇಳಿಸಬೇಕು. ಎರಡನೆಯದು, ಅವನು ಕಾಣದ ಕೋಣೆಯೊಳಗೆ, ಕೇಳದ ಮಾತಿನೊಳಗೆ ಕಥೆ ಕಾಲಿಡಬಾರದು. ಪರರ ಮನಸ್ಸನ್ನು ಮುಖ ನೋಡಿ ಊಹಿಸಬಹುದು, ಹೊಕ್ಕು ನೋಡಲಾಗದು. ಮೂರನೆಯದು, ಮಾತು ಅವನದಾಗಿರಬೇಕು. ಒಕ್ಕಲಿಗನ ಬಾಯಲ್ಲಿ ಪಂಡಿತನ ಸಮಾಸಗಳು ಬಂದರೆ ವೇಷ ಕಳಚಿ ಬೀಳುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಎರವಲು ತಂದ ‘ನಾನು’ ಇತರ ಎರವಲುಗಳಂತೆಯೇ ಜೋಪಾನದ ವಸ್ತು. ನೊಂದವರ ನೋವನ್ನು ಅಲಂಕಾರಕ್ಕಾಗಿ ಧರಿಸಬಾರದು. ಅವರು ಎದುರಿಗಿದ್ದು ಓದಿಸಿ ಕೇಳಿದರೆ ‘ಹೌದು, ಹೀಗೆಯೇ ಇತ್ತು’ ಎನ್ನುವಂತಿರಬೇಕು. ಹುಡುಗಿ ಮನೆಗೆ ಹೋಗಿ ಅಜ್ಜನನ್ನು ಕೇಳಿ ಬಂದುದರಲ್ಲಿ ಈ ಧರ್ಮ ಅಡಗಿದೆ.

ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಒಪ್ಪದ ಲಕ್ಕಮ್ಮನ ವಿವೇಕ ಕಥೆಗಾರನಿಗೂ ಸಲ್ಲುತ್ತದೆ. ಹೇಳುವವನಿಗೆ ಎಷ್ಟು ಗೊತ್ತೋ ಅಷ್ಟೇ ಅವನ ಕಥೆಗೆ ಸಾಕು. ನದಿ ದಾಟಿ ಬಂದವರಲ್ಲಿ ಇನ್ನೂ ಹಲವರು ಕ್ಯಾಂಪುಗಳ ಜಗುಲಿಯ ಮೇಲೆ ಕುಳಿತಿದ್ದಾರೆ. ಅವರ ವಯಸ್ಸು ಎಂಬತ್ತರ ಆಚೀಚೆ. ಅವರ ಮೊಮ್ಮಕ್ಕಳು ಕನ್ನಡವನ್ನು ಓದಿ ಬರೆದು ಬಲ್ಲವರಾಗಿದ್ದಾರೆ. ಕೇಳುವುದಕ್ಕೆ ಇನ್ನು ಹೆಚ್ಚು ಕಾಲವಿಲ್ಲ. ಈ ಬೇಸಗೆಯ ರಜೆಯಲ್ಲಿ ಆ ಜಗುಲಿಗಳ ಮೇಲೆ ಕುಳಿತು, ಹಿರಿಯರ ಮಾತನ್ನು ಅವರು ಆಡಿದಂತೆಯೇ ಬರೆದಿಟ್ಟುಕೊಳ್ಳುವ ಮಕ್ಕಳು ಪ್ರತಿಯೊಂದು ಶಾಲೆಯಲ್ಲಿಯೂ ಹುಟ್ಟಿಕೊಳ್ಳಲಿ. ಕನ್ನಡ ಕಾದಂಬರಿಗೆ ಸಿಂಧನೂರಿನ ಕಡೆಯಿಂದ ಬರಬೇಕಾದ ‘ನಾನು’ ಆ ನೋಟುಪುಸ್ತಕಗಳಿಂದಲೇ ಬರಲಿ.